ಎಲೊಯ್ಸಾಳ ಮಡಿಲಿಗೆ ಬರಬೇಕಾದ ಬಿಸಿಲು

ಚಿಮಾಯೊ ಎಂಬ ಊರಿನಲ್ಲಿ ಕಸೂತಿ ಹಾಕುವ ಹೆಂಗಸರಿಗೆ ಬರವಿಲ್ಲ. ಆದರೆ ದೀಪದ ಬೆಳಕಿನಲ್ಲಿ ಸೂಜಿ ಮುಟ್ಟೆನೆಂದು ಹಟ ಹಿಡಿದವಳು ಎಲೊಯ್ಸಾ ಒಬ್ಬಳೇ. ಉಣ್ಣೆ ದಾರದ ಬಣ್ಣ ನಿಜ ಹೇಳುವುದು ಬಿಸಿಲಿಗೆ ಮಾತ್ರ ಎಂದು ಅವಳ ನಂಬಿಕೆ. ಹಾಗಾಗಿ ಮುಪ್ಪಿನಲ್ಲಿ ಹೊಸ ಮಣ್ಣಿನ ಮನೆ ಕಟ್ಟುವಾಗ ಅವಳು ಕೇಳಿದ್ದು ಇಷ್ಟೇ: ದಕ್ಷಿಣಕ್ಕೊಂದು ದೊಡ್ಡ ಕಿಟಕಿ, ಅದರ ಹತ್ತಿರ ತನ್ನ ಕುರ್ಚಿ.

ಗಂಡ ಫಕುಂದೊ ಕಿಟಕಿ ಇಟ್ಟ. ಇಟ್ಟವನು ಸುಮ್ಮನಿರದೆ ಅದರ ಮುಂದೆ ಉದ್ದಕ್ಕೂ ಮಾಡು ಹೊದಿಸಿದ ಜಗಲಿಯನ್ನೂ ಕಟ್ಟಿದ. ಜಗಲಿಯಿಲ್ಲದ ಮನೆ ಮೂಗಿಲ್ಲದ ಮುಖ ಎಂದು ಅವನ ವಾದ. ನಡುಬೇಸಿಗೆಯ ಜೂನ್‌ನಲ್ಲಿ ಒಕ್ಕಲಾದರು. ಕೋಣೆ ತಂಪಾಗಿತ್ತು, ಸರಿ. ಕತ್ತಲೆಯೂ ಆಗಿತ್ತು.

"ಮನೆ ಕಟ್ಟಿದ್ಯೋ, ಆಲೂಗಡ್ಡೆ ಹೂತಿಡೋ ಗುಂಡಿ ತೋಡಿದ್ಯೋ?" ಎಂದಳು ಎಲೊಯ್ಸಾ. "ನನ್ನ ಬೆಳಕೆಲ್ಲ ನುಂಗಿ ನೀರು ಕುಡಿದ್ಯಲ್ಲೋ ಮುದ್ಕಾ!"

"ತಡ್ಕೊಳೇ ಮುದ್ಕಿ. ಬೇಸಿಗೇಲಿ ಸೂರ್ಯ ನೆತ್ತಿ ಮೇಲಿರ್ತಾನೆ, ಮಾಡು ತಡೆಯುತ್ತೆ. ಚಳಿಗಾಲಕ್ಕೆ ಕೆಳಗಿಳೀತಾನಲ್ಲ, ಆಗ ಮಾಡಿನ ಅಡಿಯಿಂದ ತೂರ್ಕೊಂಡು ಸೀದಾ ನಿನ್ನ ಮಡಿಲಿಗೇ ಬರ್ತಾನೆ. ಕ್ರಿಸ್‌ಮಸ್‌ಗೆ ಬರ್ಲಿಲ್ಲ ಅಂದ್ರೆ ಈ ಜಗಲಿ ನಾನೇ ಕಿತ್ತಾಕ್ತೀನಿ!"

ಮೊಮ್ಮಗಳ ಮದುವೆಗೆಂದು ಕಸೂತಿ ಹಾಕುತ್ತಿದ್ದ ಹೊದಿಕೆಯನ್ನು ಎಲೊಯ್ಸಾ ಅರ್ಧಕ್ಕೇ ಮಡಿಸಿಟ್ಟು ಕಾದಳು.

ಆ ವರ್ಷ ಮೆಣಸಿನಕಾಯಿ ಬೆಳೆ ಕಣ್ಣು ಕುಕ್ಕುವಂತೆ ಬಂತು. ಫಕುಂದೊ ಆಳುದ್ದದ ಸರಗಳನ್ನು ಕಟ್ಟಿ, ಹೊಸ ಜಗಲಿಯ ತೊಲೆಗೆ ಒಂದಕ್ಕೊಂದು ತಾಗುವಂತೆ ತೂಗುಹಾಕಿದ. ದಾರಿಹೋಕರು ಕಾರು ನಿಲ್ಲಿಸಿ ನೋಡುವಾಗ ಅವನು ಮೀಸೆ ತಿರುವುತ್ತಿದ್ದ.

ಡಿಸೆಂಬರ್ ಬಂತು, ಸೂರ್ಯ ಇಳಿದ, ಬಿಸಿಲು ಮಾತ್ರ ಒಳಗೆ ಬರಲಿಲ್ಲ. ಫಕುಂದೊ ಕೋಲು ಹಿಡಿದು ನೆಲ ಅಳೆದ, ತಲೆ ಕೆರೆದುಕೊಂಡ, ಊಟ ಬಿಟ್ಟ. ಕ್ರಿಸ್‌ಮಸ್‌ಗೆ ಎರಡು ದಿನ ಇರುವಾಗ ಹಾರೆ ತಂದು ಬಾಗಿಲ ಬಳಿ ಒರಗಿಸಿದ.

"ಮಾತು ಮಾತೇ. ಸೌದೆ ತಂದ ಮೇಲೆ ಕೀಳ್ತೀನಿ," ಎಂದು ಹೊರಟ. ಅವನ ಜೋಲುಮುಖ ಎಲೊಯ್ಸಾಳಿಂದ ನೋಡಲಾಗಲಿಲ್ಲ.

ಅವಳು ಕುರ್ಚಿಯಲ್ಲಿ ಕೂತು, ಸೂರ್ಯ ಎಲ್ಲಿರಬೇಕೋ ಅಲ್ಲಿಗೇ ಕಣ್ಣು ನೆಟ್ಟಳು. ಅಲ್ಲಿದ್ದದ್ದು ಮೆಣಸಿನಕಾಯಿ! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಅವನಿಗೆ ಹೇಳಿ ಪ್ರಯೋಜನವಿಲ್ಲ. ಆ ಸರ ಬಿಚ್ಚು ಎಂದರೆ ಮಾಡನ್ನೇ ಬಿಚ್ಚುವ ಆಸಾಮಿ. ನಾದಿನಿಯರಿಗೆಲ್ಲ ಫೋನು ಮಾಡಿದಳು. "ಬನ್ರೇ, ಹಬ್ಬದ ಉಡುಗೊರೆ ಇದೆ. ಏಣಿ ತನ್ನಿ."

ಮಧ್ಯಾಹ್ನ ಬಂದ ಫಕುಂದೊ ಬರಿದಾದ ತೊಲೆ ಕಂಡು ಕೂಗಾಡುತ್ತಲೇ ಒಳನುಗ್ಗಿದ. "ನನ್ನ ಮೆಣಸಿನಕಾಯಿ ಯಾವ ಕಳ್ಳ..."

ಬಿಸಿಲು ಮಾಡಿನಡಿಯಿಂದ ನುಸುಳಿ, ಕಿಟಕಿ ದಾಟಿ, ಹೆಂಡತಿಯ ಮಡಿಲಲ್ಲಿ ಕೂತಿತ್ತು. ಅವಳು ಮದುವೆಯ ಹೊದಿಕೆಯ ಮೇಲೆ ನೀಲಿ ಹಕ್ಕಿಯ ರೆಕ್ಕೆ ಹೊಲಿಯುತ್ತಿದ್ದಳು.

"ಬಂದಿದಾನೆ ನೋಡು ನಿನ್ನ ಸೂರ್ಯ, ಹೇಳಿದ ಹೊತ್ತಿಗೆ ಸರಿಯಾಗಿ," ಎಂದಳು. "ಗೆದ್ದೆ ಬಿಡು."

ಫಕುಂದೊ ತೊಲೆ ನೋಡಿದ, ನೆಲ ನೋಡಿದ, ಅವಳನ್ನು ನೋಡಿದ. ಕಿವಿ ಕೆಂಪಗಾಯಿತು.

"ನನ್ನ ಅಳತೆ ತಪ್ಪುತ್ತಾ?" ಎಂದ, ಮೆಲ್ಲಗೆ.

ನಾದಿನಿಯರಿಗೆ ಹಂಚಿ ಎಲೊಯ್ಸಾ ಅಡುಗೆಗೆಂದು ಉಳಿಸಿದ್ದ ಒಂದು ಸರವನ್ನು ಅವನು ಹಳೇ ಚಾಳಿಯಂತೆ ಮತ್ತೆ ಅದೇ ತೊಲೆಗೆ ತೂಗುಹಾಕಿದ. ಅದರ ನೆರಳು ಹಕ್ಕಿಯ ಮೇಲೆ ಬಿತ್ತು. ಎಲೊಯ್ಸಾ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೈಕಟ್ಟಿ ಕೂತಳು. ಫಕುಂದೊ ಒಂದು ಗಳಿಗೆ ನಿಂತು ನೋಡಿ, ಸರವನ್ನು ತಾನೇ ಬಿಚ್ಚಿಕೊಂಡು ಹೋಗಿ, ಯಾವ ದಾರಿಹೋಕರ ಕಣ್ಣಿಗೂ ಬೀಳದ ಹಿತ್ತಿಲ ಗೋಡೆಗೆ ನೇತುಹಾಕಿದ.