ಹೊಟ್ಟೆ ಕತ್ತರಿಸಿದ ಮೇಲಿನ ಬಾಯಿಚಪಲ

ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನನ್ನ ಹೊಟ್ಟೆಯ ಮುಕ್ಕಾಲು ಪಾಲು ಕತ್ತರಿಸಿ ತೆಗೆದು ಆರು ವರ್ಷವಾಯಿತು. ಆಗ ನನ್ನ ತೂಕ ನೂರಾ ಹದಿನೆಂಟು ಕಿಲೋ. ಮೆಟ್ಟಿಲು ಹತ್ತಿದರೆ ಮಂಡಿ ಕೂಗುತ್ತಿತ್ತು, ಸಕ್ಕರೆ ಕಾಯಿಲೆ ಗುಳಿಗೆಗೆ ಬಗ್ಗುತ್ತಿರಲಿಲ್ಲ. ಆಪರೇಷನ್ ಆದ ಮೊದಲ ವರ್ಷ ಹಸಿವೆಂಬುದೇ ಇರಲಿಲ್ಲ. ಅರ್ಧ ಬಟ್ಟಲು ಬೇಳೆಕಟ್ಟು ಕುಡಿದರೆ ಮುಗಿಯಿತು. ನಲವತ್ತೈದು ಕಿಲೋ ಇಳಿದೆ. ಗಂಡ ನನ್ನ ಹಳೆಯ ಫೋಟೊ, ಹೊಸ ಫೋಟೊ ಜೋಡಿಸಿ ನೆಂಟರ ಗ್ರೂಪಿಗೆಲ್ಲ ಕಳಿಸಿದ. ತಾನೇ ಉಳಿ ಹಿಡಿದು ಕೆತ್ತಿದವನ ಹಾಗೆ.

ಮೂರನೆಯ ವರ್ಷ ಬಾಯಿಚಪಲ ಮರಳಿ ಬಂತು. ಅದನ್ನು ಹಸಿವು ಎನ್ನಬೇಡಿ. ಹಸಿವಾದರೆ ಉಂಡ ಮೇಲೆ ಹೋಗುತ್ತದೆ. ಇದು ಉಂಡು ಕೈತೊಳೆದು ಹತ್ತು ನಿಮಿಷಕ್ಕೇ ನಾಲಿಗೆಯ ಮೇಲೆ ಬಂದು ಕೂರುತ್ತಿತ್ತು. ಖಾರ ಬೇಕು, ಕುರುಕಲು ಬೇಕು, ಕರಿದದ್ದು ಬೇಕು. ನಾನು ದಿನವಿಡೀ ಕೂರುತ್ತಿದ್ದುದಾದರೂ ಎಲ್ಲಿ? ದಾಂಡೇಲಿಯ ಪೇಟೆಯಲ್ಲಿರುವ ಗಂಡನ ಮನೆಯವರ ಖಾರದಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಹಿಂದೆ. ಎಡಗೈಗೆ ಸೇವು, ಬಲಗೈಗೆ ಚೂಡಾ, ಬೆನ್ನ ಹಿಂದೆ ಬೂಂದಿ. ಒಳಗಿನ ಬಾಣಲೆಯ ವಾಸನೆ ಬೆಳಿಗ್ಗೆ ಒಂಬತ್ತಕ್ಕೇ ಸೀರೆಯೊಳಗೆ ಇಳಿಯುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಅದೇ ನನ್ನ ಜಾಗ. ಆಪರೇಷನ್ ಆದ ಹದಿನೈದನೆಯ ದಿನ ಮತ್ತೆ ಅಲ್ಲೇ ತಂದು ಕೂರಿಸಿದ್ದರು.

ರೊಟ್ಟಿ ಎರಡು ತುತ್ತಾದರೆ ಎದೆಗೆ ಅಡರಿ ನಿಲ್ಲುತ್ತಿತ್ತು. ಸೇವು ಹಾಗಲ್ಲ, ಬಾಯಲ್ಲೇ ಕರಗಿ ಹೊಟ್ಟೆಯಲ್ಲಿ ನಿಲ್ಲದೆ ಜಾರಿಬಿಡುತ್ತಿತ್ತು. ಒಂದು ಚಿಟಿಕೆ, ಗಿರಾಕಿ ಹೋದ ಮೇಲೆ ಇನ್ನೊಂದು ಚಿಟಿಕೆ, ಆಮೇಲೆ ಒಂದು ಮುಷ್ಟಿ. ಎರಡು ವರ್ಷದಲ್ಲಿ ಹನ್ನೊಂದು ಕಿಲೋ ಮರಳಿ ಬಂತು. ಅದು ಎಲ್ಲರಿಗಿಂತ ಮೊದಲು ಗಿರಾಕಿಗಳ ಕಣ್ಣಿಗೆ ಬಿತ್ತು.

"ಅಕ್ಕಾರ, ಮತ್ತ ದಪ್ಪ ಆಗಾಕತ್ತೀರಲ್ರೀ? ಆಪರೇಷನ್ ಮಾಡಿಸಿದ್ರಿ ಅಲ್ಲೇನ?"

ಹೀಗೆ ಕೇಳುತ್ತ ಕಾಲು ಕಿಲೋ ಚೂಡಾ ಕಟ್ಟಿಸಿಕೊಳ್ಳುವವರ ಮುಖದ ಮೇಲೆ ತಕ್ಕಡಿ ಎಸೆಯಬೇಕು ಅನಿಸುತ್ತಿತ್ತು. ಎಸೆಯಲಿಲ್ಲ. ಬಾಯಲ್ಲಿ ಸೇವು ಇರುತ್ತಿದ್ದುದರಿಂದ ಮರುಮಾತೂ ಆಡುತ್ತಿರಲಿಲ್ಲ.

ಕಳೆದ ವರ್ಷ ಗಂಡ ಅಂಗಡಿಗೆ ಕ್ಯಾಮೆರಾ ಹಾಕಿಸಿದ. ಕಳ್ಳರ ಕಾಟ ಎಂದ. ಕ್ಯಾಮೆರಾ ಬಾಗಿಲ ಕಡೆ ತಿರುಗದೆ ನನ್ನ ನೆತ್ತಿಯ ಕಡೆ ತಿರುಗಿದ್ದು ಯಾಕೆ ಎಂದು ನಾನು ಕೇಳಬೇಕಾಗಿತ್ತು. ಕೇಳಲಿಲ್ಲ.

ಉತ್ತರ ಸಿಕ್ಕಿದ್ದು ಮುಂಡಗೋಡ ಕಡೆಯ ಇಂದೂರೆಂಬ ಹಳ್ಳಿಯಲ್ಲಿ. ಅಲ್ಲಿ ನನ್ನ ನಾದಿನಿಯ ಮನೆ, ಅವಳ ಮೊಮ್ಮಗುವಿನ ತೊಟ್ಟಿಲ ಕಾರ್ಯ. ಊಟ ಮುಗಿದು ಪಡಸಾಲೆಯಲ್ಲಿ ಎಲ್ಲರೂ ಎಲೆ-ಅಡಿಕೆ ಹಾಕಿಕೊಂಡು ಕೂತಿದ್ದರು. ಗಂಡ ಫೋನು ತೆಗೆದು, "ಇಲ್ಲೆ ನೋಡ್ರಿ, ನಮ್ಮನಿ ಸಿನಿಮಾ" ಎಂದ. ನನ್ನ ಒಂದು ಮಧ್ಯಾಹ್ನವನ್ನು ಅವನು ವೇಗವಾಗಿ ಓಡಿಸುತ್ತಿದ್ದ. ಆ ಪರದೆಯಲ್ಲಿ ನನ್ನ ಕೈ ಡಬ್ಬಿಗೆ ಹೋಗುತ್ತಿತ್ತು, ಬಾಯಿಗೆ ಬರುತ್ತಿತ್ತು, ಮತ್ತೆ ಡಬ್ಬಿಗೆ ಹೋಗುತ್ತಿತ್ತು. ಕಾಳು ಹೆಕ್ಕುವ ಕೋಳಿಯ ಹಾಗೆ. ಯಾರೋ ಎಣಿಸತೊಡಗಿದರು. ಹದಿನೇಳಕ್ಕೆ ಬರುವಷ್ಟರಲ್ಲಿ ಪಡಸಾಲೆಯೆಲ್ಲ ನಗುತ್ತಿತ್ತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

"ಹೊಟ್ಟಿ ಬದ್ಲಿ ಬಾಯಿಗೆ ಹೊಲಿಗಿ ಹಾಕಸ್ಬೇಕಾಗಿತ್ತವಾ," ಎಂದಳು ನಾದಿನಿ.

ಅಳುತ್ತೇನೆ ಎಂದುಕೊಂಡಿದ್ದರು. ಅಡುಗೆಮನೆಯಿಂದ ಹೋಳಿಗೆಯ ಪರಾತವನ್ನೇ ತಂದು ಅವರ ನಡುವೆ ಕೂತೆ. ಒಂದು ಹೋಳಿಗೆ ಮಡಚಿ ತಿಂದೆ. ಗಂಡನನ್ನೇ ನೋಡುತ್ತ ಇನ್ನೊಂದು ತಿಂದೆ.

"ಇದನ್ನೂ ಹಿಡೀರಿ ಫೋನಿನ್ಯಾಗ. ಹದಿನೆಂಟು, ಹತ್ತೊಂಬತ್ತು. ಎಣಸ್ರಿ, ಯಾಕ ನಿಲ್ಲಿಸಿದ್ರಿ?"

ನಗು ನಿಂತಿತು. ಕಾಲು ಗಂಟೆಯೊಳಗೆ ನನ್ನ ಮೈಯೆಲ್ಲ ಬೆವರಿ, ಎದೆ ಡವಡವ ಹೊಡೆದುಕೊಂಡು, ಹಿತ್ತಲಿನ ಬಣವೆಯ ಪಕ್ಕದಲ್ಲಿ ಕುಕ್ಕರಿಸಿ ಕಾರಿಕೊಂಡೆ. ಕತ್ತರಿಸಿದ ಹೊಟ್ಟೆಗೆ ಅಷ್ಟು ಬೆಲ್ಲ ಒಮ್ಮೆಲೇ ಬಿದ್ದರೆ ಹೀಗೇ ಆಗುತ್ತದೆ; ನನಗದು ಗೊತ್ತಿತ್ತು. ಅತ್ತೆ ತಂಬಿಗೆ ತಂದು ದೂರದಲ್ಲೇ ಇಟ್ಟರು.

"ಸಾಯಬೇಕಂತ ಮಾಡೀಯೇನ?"

"ನೀವೆಲ್ಲಾ ನಗೋದು ನಿಂದ್ರಲಿ ಅಂತ ಮಾಡೇನಿ," ಎಂದೆ.

ಮರುದಿನ ಬೆಳಿಗ್ಗೆ ನಾನು ಅಂಗಡಿಗೆ ಹೋಗಲಿಲ್ಲ. ಗಂಡ ಬಾಗಿಲಲ್ಲಿ ನಿಂತು, "ಅಂಗಡ್ಯಾಗ ಯಾರ ಕುಂದರಬೇಕು?" ಎಂದ. "ನೀವ ಕುಂದರ್ರಿ. ಕ್ಯಾಮೆರಾದಾಗ ಚಂದ ಕಾಣಸ್ತೀರಿ," ಎಂದು ಹುಬ್ಬಳ್ಳಿಯ ಬಸ್ಸು ಹತ್ತಿದೆ.

ನಾಲ್ಕು ವರ್ಷದಿಂದ ಆಸ್ಪತ್ರೆಯ ಕಡೆ ತಲೆ ಹಾಕಿರಲಿಲ್ಲ, ತಪ್ಪು ನನ್ನದೇ. ಆಹಾರದ ಸಲಹೆ ಕೊಡುವ ಹೆಣ್ಣುಮಗಳು ನನಗಿಂತ ಹದಿನೈದು ವರ್ಷ ಚಿಕ್ಕವಳು, ಕಡ್ಡಿಯ ಹಾಗಿದ್ದಳು. ಅವಳನ್ನು ನೋಡಿದ ಕೂಡಲೇ ಸಿಟ್ಟು ಬಂತು. ನಾನು ಹೇಳಿದ್ದನ್ನೆಲ್ಲ ಮುಖದ ಮೇಲೆ ಯಾವ ಭಾವವೂ ಇಲ್ಲದೆ ಬರೆದುಕೊಂಡಳು.

"ಆಪರೇಷನ್ ಹೊಟ್ಟಿಗೆ ಮಾಡ್ಯಾರ್ರೀ, ತಲಿಗಲ್ಲ. ಇದು ಬರ್ತಾನ ಇರ್ತೇತಿ. ಬಂದಾಗ ಕೈಗೆ ಏನ ಸಿಗತೇತಿ ಅನ್ನೋದು ನೀವು ನೋಡ್ಕೋಬೇಕು. ಕುರುಕಲು ಮನಿಯೊಳಗ ಇಡಬ್ಯಾಡ್ರಿ."

"ನಮ್ಮನಿ ಅಂದ್ರನ ಖಾರದಂಗಡಿ," ಎಂದೆ.

ಅವಳ ಪೆನ್ನು ನಿಂತಿತು. "ಹಂಗಾರ ನೀವು ಆ ಜಾಗಾ ಬಿಡ್ರಿ," ಎಂದಳು. ಆ ಮಾತನ್ನು ಐದು ವರ್ಷದಲ್ಲಿ ನನಗೆ ಒಬ್ಬರೂ ಹೇಳಿರಲಿಲ್ಲ.

ಬಿಟ್ಟೆ. ಸುಲಭವಾಗಿರಲಿಲ್ಲ. ಒಂದು ತಿಂಗಳು ಮನೆಯಲ್ಲಿ ಮಾತಿಲ್ಲ. ಅತ್ತೆ ಎಪ್ಪತ್ತರ ವಯಸ್ಸಿನಲ್ಲಿ ಗಲ್ಲಾದ ಹಿಂದೆ ಕೂತು, ಬಂದವರಿಗೆಲ್ಲ ಸೊಸೆಯ ಸೊಕ್ಕಿನ ಕತೆ ಹೇಳಿದರು. ಹೇಳಲಿ ಬಿಡು ಎಂದುಕೊಂಡೆ. ಹಳಿಯಾಳದಲ್ಲಿ ನನ್ನ ಜೊತೆ ಓದಿದವಳೊಬ್ಬಳು ಜೋಯಿಡಾದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದಳು, ಅರ್ಜಿ ಟೈಪು ಮಾಡಲು ಜನ ಬೇಕಾಗಿತ್ತು. ಈಗ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಅಲ್ಲಿಗೆ ಹೋಗುತ್ತೇನೆ. ಕೊಂಕಣಿಯಲ್ಲಿ ಜನ ಹೇಳುವ ತಂಟೆ-ತಕರಾರುಗಳನ್ನು ಕನ್ನಡದಲ್ಲಿ ಟೈಪು ಮಾಡುತ್ತೇನೆ. ಅಲ್ಲಿ ಕೈಗೆ ಸಿಗುವುದು ಕಾಗದ ಮತ್ತು ಶಾಯಿ, ಎರಡೂ ತಿನ್ನಲು ಬರುವುದಿಲ್ಲ.

ಇದರಿಂದ ಬಾಯಿಚಪಲ ಹೋಯಿತೆಂದು ತಿಳಿಯಬೇಡಿ. ಸಂಜೆ ನಾಲ್ಕಕ್ಕೆ ಎದುರಿನ ಹೋಟೆಲಿನವನು ಮಿರ್ಚಿಭಜಿ ಕರಿಯಲು ಎಣ್ಣೆ ಇಡುತ್ತಾನೆ. ಅವನ ಮೇಲೆ ನನಗಿರುವ ದ್ವೇಷ ಅವನಿಗೆ ಗೊತ್ತಿಲ್ಲ, ಕಂಡಾಗಲೆಲ್ಲ ನಮಸ್ಕಾರ ಮಾಡುತ್ತಾನೆ. ಆ ಹೊತ್ತಿಗೆ ನಾನು ಡಬ್ಬಿ ತೆಗೆದು ಬೇಯಿಸಿದ ಮಡಕೆಕಾಳು ತಿನ್ನುತ್ತೇನೆ, ಒಂದೊಂದೇ ಕಾಳು, ಶಿಕ್ಷೆಯ ಹಾಗೆ. ಒಣಗಿದ ಮಣ್ಣಿನ ರುಚಿ. ಅದನ್ನು ಮೆಚ್ಚಿ ತಿನ್ನುವಷ್ಟು ದೊಡ್ಡವಳು ನಾನಾಗಿಲ್ಲ, ಆಗುವ ಆಸೆಯೂ ಇಲ್ಲ. ಕಳೆದ ಮಳೆಗಾಲದಲ್ಲಿ ಗಣೇಶಗುಡಿಯ ಹತ್ತಿರ ಬಸ್ಸು ಕೆಟ್ಟು ನಿಂತಾಗ, ಪಕ್ಕದ ಗೂಡಂಗಡಿಯಲ್ಲಿ ಮೂರು ಪೊಟ್ಟಣ ಚಿಪ್ಸು ಕೊಂಡು ಕೊಡೆಯ ಮರೆಯಲ್ಲಿ ತಿಂದು ಮುಗಿಸಿದೆ. ಹನ್ನೊಂದರಲ್ಲಿ ಆರು ಕಿಲೋ ಇಳಿದಿದೆ, ಉಳಿದ ಐದು ಹೋಗಲು ಒಪ್ಪುತ್ತಿಲ್ಲ.

ಈ ಬೇಸಿಗೆಯಲ್ಲಿ ನಮ್ಮ ಓಣಿಯ ಶಾಲೆಯ ಟೀಚರೊಬ್ಬಳು ಮನೆಗೆ ಬಂದಳು. ಅವಳಿಗೂ ಅದೇ ಆಪರೇಷನ್ ನಿಗದಿಯಾಗಿತ್ತು.

"ಆದ ಮ್ಯಾಲ ಎಲ್ಲಾ ಸುಖ ಅಂತಲ್ರೀ ಅಕ್ಕಾ?"

"ಸುಳ್ಳು," ಎಂದೆ. "ಮಂಡಿ ನೋವು ಹೋಗ್ತೇತಿ, ಸಕ್ಕರಿ ಇಳೀತೇತಿ. ಬಾಯಿ ಮಾತ್ರ ಹಂಗ ಉಳೀತೇತಿ. ಅದರ ಕೂಡ ದಿನಾ ಜಗಳಾ ಮಾಡ್ಬೇಕು. ತಯಾರಿದ್ರ ಹೋಗು, ಇಲ್ಲಾ ಬ್ಯಾಡ."

ಚಹಾ ಕೂಡ ಮುಗಿಸದೆ ಎದ್ದು ಹೋದಳು. ಕೆಟ್ಟ ನಾಲಿಗೆಯವಳು ಎಂದು ಓಣಿಯಲ್ಲಿ ಹೇಳಿದಳಂತೆ. ಆದರೂ ಆಪರೇಷನ್ ಮಾಡಿಸಿಕೊಂಡಳು. ಮೊನ್ನೆ ಸಂಜೆ ನಾನು ಕಾಳು ಅಗಿಯುತ್ತಿದ್ದಾಗ ಅವಳ ಫೋನು ಬಂತು. ಎದುರಿಗೆ ಚಕ್ಕುಲಿ ಇದೆ, ಏನು ಮಾಡಲಿ ಎಂದಳು. ನನಗೆ ಮೂರನೆಯ ವರ್ಷ ಬಂದ ಚಪಲ ಅವಳಿಗೆ ಕೆಲವೇ ತಿಂಗಳಿಗೆ ಬಂದಿತ್ತು.

"ಹೊರಗ ಬಾ. ಅಂಗಳದಾಗ ನಿಂತು ಮಾತಾಡು."

"ಏನ ಮಾತಾಡ್ಲಿ?"

"ನನ್ನ ಬಗ್ಗೆ ಓಣಿಯೊಳಗ ಏನೇನ ಹೇಳೀದಿ, ಅದನ್ನ ಹೇಳು."

ಒಂದನ್ನೂ ಬಿಡದೆ ಹೇಳಿದಳು.