ನನ್ನ ಪಿತ್ತದ ಗಂದೆ ಮತ್ತು ಮನೆಯ ಒಂದೇ ಕಂಬಳಿ

ಬೇರೆಯವರಿಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದಂತೆ. ನನ್ನದು ಮುಂಗೈಯಲ್ಲಿರುತ್ತಿತ್ತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡರೆ ಸಾಕು, ಸ್ವಲ್ಪ ಹೊತ್ತಿಗೆ ಮಣಿಕಟ್ಟಿನ ಹತ್ತಿರ ತುರಿಕೆ ಶುರುವಾಗುತ್ತಿತ್ತು. ಆಮೇಲೆ ಕೆಂಪು ದದ್ದುಗಳು ಒಂದರ ಪಕ್ಕ ಒಂದು ಎದ್ದು, ಮೊಣಕೈ ದಾಟಿ, ಕುತ್ತಿಗೆಯವರೆಗೆ ಏರುತ್ತಿದ್ದವು. ಹೆಚ್ಚು ನುಂಗಿದ ದಿನ ಮೇಲ್ದುಟಿಯೂ ಊದಿಕೊಳ್ಳುತ್ತಿತ್ತು. ನಮ್ಮ ಸರಸಂಬಾದಲ್ಲಿ ಇದಕ್ಕೆ ಪಿತ್ತದ ಗಂದೆ ಎನ್ನುತ್ತಿದ್ದರು. ಮದ್ದು ಊರಿಗೆಲ್ಲ ಒಂದೇ: ಕರಿ ಕಂಬಳಿಯಿಂದ ಮೈ ತಿಕ್ಕುವುದು.

ನಮ್ಮ ಮನೆಯಲ್ಲಿ ಇದ್ದದ್ದೂ ಒಂದೇ ಕಂಬಳಿ. ಮಳೆ ಬಂದರೆ ಅಪ್ಪ ಅದನ್ನೇ ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದ. ದೊಡ್ಡವರು ಯಾರಾದರೂ ಬಂದರೆ ಪಡಸಾಲೆಯಲ್ಲಿ ಅದೇ ಹಾಸು. ಉಳಿದ ಹೊತ್ತಿನಲ್ಲಿ ಅದು ನನ್ನ ಔಷಧಿ. ಅಪ್ಪನ ಅವ್ವ, ನಾವು ಆಯಿ ಅನ್ನುತ್ತಿದ್ದೆವು, ನನ್ನನ್ನು ಕೂಡಿಸಿಕೊಂಡು ಅದರ ಒರಟು ಅಂಚಿನಿಂದ ತಿಕ್ಕುತ್ತಿದ್ದಳು. ಅವಳ ಕೈಗೆ ಅರವತ್ತು ವರ್ಷ ಬೀಸಿದ ಬಲವಿತ್ತು. ಹತ್ತು ನಿಮಿಷದ ಮೇಲೆ ಕೆಂಪಾದದ್ದರಲ್ಲಿ ಗಂದೆ ಯಾವುದು, ಕಂಬಳಿ ಕೆರೆದದ್ದು ಯಾವುದು ಎಂದು ನನಗೇ ಗೊತ್ತಾಗುತ್ತಿರಲಿಲ್ಲ.

ಆಯಿಯ ಪ್ರಕಾರ ತಪ್ಪೆಲ್ಲ ಬದನೆಕಾಯಿಯದು. ಎರಡು ವರ್ಷ ನನಗೆ ಬದನೆಕಾಯಿ ಬಂದ್. ಮನೆಮಂದಿಯೆಲ್ಲ ಎಣ್ಣೆಗಾಯಿಯಲ್ಲಿ ರೊಟ್ಟಿ ಅದ್ದಿ ತಿನ್ನುವಾಗ ನಾನು ಬರೀ ಬೇಳೆ ಮುಂದಿಟ್ಟುಕೊಂಡು ಕೂತಿರಬೇಕು. ಕೂತಲ್ಲೇ ಸಿಟ್ಟು ಬರುತ್ತಿತ್ತು, ಸಿಟ್ಟಿಗೆ ಗಂದೆ ಏಳುತ್ತಿತ್ತು. ಗಂದೆ ಎದ್ದದ್ದು ಕಂಡು ಆಯಿ ನಾನು ಕದ್ದು ತಿಂದೆನೆಂದು ನನ್ನ ಬೆರಳು ಮೂಸುತ್ತಿದ್ದಳು. ಒಂದು ದಿನ ಹಟ ಬಂದು ಪಕ್ಕದ ಮನೆಯಲ್ಲಿ ಒಟ್ಟಿಗೆ ನಾಲ್ಕು ಬದನೆಕಾಯಿ ತಿಂದುಬಂದೆ. ಏನೂ ಆಗಲಿಲ್ಲ. ಅಷ್ಟು ಸುಖದ ನಿದ್ದೆ ಎಷ್ಟೋ ತಿಂಗಳಿಂದ ಬಂದಿರಲಿಲ್ಲ. ಇಂಥ ದೊಡ್ಡ ಸಂಗತಿ ಕಂಡುಹಿಡಿದೂ ಯಾರಿಗೂ ಹೇಳುವ ಹಾಗಿರಲಿಲ್ಲ.

ಆಗ ನನಗೆ ಹದಿನೆಂಟು. ನನ್ನ ಜೊತೆಯವರ ಮಕ್ಕಳು ಆಗಲೇ ಅಂಬೆಗಾಲಿಡುತ್ತಿದ್ದವು. ನನ್ನನ್ನು ಮೊದಲು ನೋಡಲು ಬಂದವರು ನಿಂಬರ್ಗಾದವರು. ಅವರ ಹಿರಿಯರೊಬ್ಬರು ನನಗೆ ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆದು ತೋರಿಸು ಎಂದರು, ಆಮೇಲೆ ತಿರುಗಿ ನಡೆ ಎಂದರು. ಎತ್ತಿನ ಸಂತೆಯಲ್ಲಿಯಾದರೆ ಹಲ್ಲನ್ನೂ ನೋಡುತ್ತಿದ್ದರು. ನಾನು ಬಾಯಿ ಬಿಡಲಿಲ್ಲ, ನಡೆದೆ. ಚಹಾ ಕೊಡಲು ಬರುವಷ್ಟರಲ್ಲಿ ತುಟಿ ಊದಿ ಮೂಗಿಗೆ ತಾಗುತ್ತಿತ್ತು. ಅವರು ಚಹಾ ಬಿಟ್ಟು ಎದ್ದರು. ಎರಡನೆಯ ಸಲ ಬಂದವರು ಕುತ್ತಿಗೆ ನೋಡಿ ಎದ್ದರು. ಆ ಮನೆಯ ಹುಡುಗಿಗೆ ಮೈಯಲ್ಲಿ ಏನೋ ರೋಗವಿದೆ ಎಂಬ ಸುದ್ದಿ ಬಂಡಿಗಿಂತ ಮುಂಚೆ ಮುಂದಿನ ಊರು ಮುಟ್ಟತೊಡಗಿತು.

ಅವ್ವ ನನ್ನನ್ನು ಆಳಂದದ ಹಕೀಮರ ಹತ್ತಿರ ಕರೆದುಕೊಂಡು ಹೋದಳು. ಅವರು ನಾಡಿ ಹಿಡಿದು, ಕಣ್ಣರೆಪ್ಪೆ ಎತ್ತಿ ನೋಡಿ, ನನ್ನನ್ನು ಬಿಟ್ಟು ಅವ್ವನನ್ನೇ ದಿಟ್ಟಿಸಿದರು.

"ಚರ್ಮಕ್ಕ ಏನೂ ಆಗಿಲ್ಲ ಯವ್ವಾ. ದಿಲ್‌ಗೆ ತಕಲೀಫ್ ಅದ. ಹುಡುಗಿಗೆ ಯಾರರೆ ತ್ರಾಸ ಕೊಡಾಕತ್ತಾರೇನು?"

ಯಾರೂ ಇಲ್ಲ, ಬರೀ ವರ ನೋಡುತ್ತಿದ್ದೇವೆ ಎಂದಳು ಅವ್ವ. ಹಾಗಾದರೆ ಸ್ವಲ್ಪ ದಿನ ಅದನ್ನು ನಿಲ್ಲಿಸಿ ನೋಡಿರಿ ಎಂದರು ಹಕೀಮರು. ಅವ್ವನಿಗೆ ಸಿಟ್ಟು ಬಂತು. ಆಳಂದದಿಂದ ಸರಸಂಬಾದವರೆಗೆ ಬಂಡಿಯಲ್ಲಿ ಅವಳು ಹಕೀಮರನ್ನು ಬೈದುಕೊಂಡೇ ಬಂದಳು. ಬಾಯಿಬಿಟ್ಟು ಬೈದದ್ದಕ್ಕೆ ಅವಳ ಮೈ ಮೇಲೆ ಒಂದು ದದ್ದೂ ಏಳಲಿಲ್ಲ. ನಾನು ಗಮನಿಸಿದೆ.

ಅಷ್ಟರಲ್ಲಿ ಜೇವರ್ಗಿಯಿಂದ ಒಂದು ಕೇಳಿಕೆ ಬಂತು. ವರನಿಗೆ ಹೆಂಡತಿ ತೀರಿಹೋಗಿದ್ದಳು, ಮೂರು ಮಕ್ಕಳು. ದೊಡ್ಡ ಮಗಳು ನನಗಿಂತ ನಾಲ್ಕೇ ವರ್ಷ ಸಣ್ಣವಳು. ಗಂದೆಯ ಸುದ್ದಿ ಅವನಿಗೂ ಮುಟ್ಟಿತ್ತು, ಪರವಾಗಿಲ್ಲ, ರೊಟ್ಟಿ ಬಡಿಯುವ ಕೈ ಇದ್ದರೆ ಸಾಕು ಎಂದು ಹೇಳಿಕಳಿಸಿದ್ದ. ಚೌಡಾಪುರದ ಕಡೆಯವರು ಇನ್ನೊಬ್ಬರು ಬರುವವರಿದ್ದರು. ಅವರು ಒಪ್ಪದಿದ್ದರೆ ಅಮಾವಾಸ್ಯೆ ಕಳೆದ ಮರುದಿನ ಜೇವರ್ಗಿಗೆ ಮಾತು ಕೊಡುತ್ತೇನೆ ಎಂದು ಅಪ್ಪ ಹೇಳಿದ. ನನ್ನ ಮುಖ ನೋಡದೆ ಹೇಳಿದ. ನನಗೆ ಭಯವಾಯಿತು. ಆ ಮನೆಯಲ್ಲಿ ತಂಗಿಯ ವಯಸ್ಸಿನವಳ ಕಣ್ಣೆದುರು ನಾನು ತಾಯಿಯಾಗಿ ನಿಲ್ಲಬೇಕಿತ್ತು.

ಚೌಡಾಪುರದವರು ಬರುವ ದಿನ ಅವ್ವ ಭಾರೀ ಹುಷಾರಾಗಿದ್ದಳು. ಮಣಿಕಟ್ಟಿನವರೆಗೆ ತೋಳಿರುವ ಕುಪ್ಪಸ ಹೊಲಿಸಿದ್ದಳು. ಸುಡುಬಿಸಿಲಿನ ದಿನ ಅದನ್ನು ತೊಟ್ಟು ನಿಂತರೆ ಚಳಿಜ್ವರ ಬಂದವಳಂತೆ ಕಾಣುತ್ತಿದ್ದೆ. ಬಾಯಿ ತೆರೆಯಬೇಡ, ಸಿಟ್ಟು ಮಾಡಬೇಡ ಎಂದು ನೂರು ಸಲ ಹೇಳಿದಳು. ನೂರನೆಯ ಸಲಕ್ಕೆ ಮಣಿಕಟ್ಟು ತುರಿಸತೊಡಗಿತು.

ಬಂದವರು ಮೂವರು: ಹುಡುಗ, ಅವನ ಅವ್ವ, ಒಬ್ಬ ಸೋದರಮಾವ. ಅಪ್ಪ ದೊಡ್ಡ ಮರ್ಯಾದೆಯಿಂದ ಅವರನ್ನು ಪಡಸಾಲೆಗೆ ಕರೆದು ಕೂಡಿಸಿದ. ಯಾವುದರ ಮೇಲೆ ಕೂಡಿಸಿದನೆಂದು ಆ ಗಳಿಗೆಯಲ್ಲಿ ನಮ್ಮಲ್ಲಿ ಒಬ್ಬರಿಗೂ ತಲೆಗೆ ಹೋಗಲಿಲ್ಲ.

ನಾನು ಬೆಲ್ಲದ ಚಹಾ ತಂದುಕೊಟ್ಟೆ. ಹೊರದೇಶದಲ್ಲಿ ದೊಡ್ಡ ಲಡಾಯಿ ನಡೆದಿದ್ದ ಕಾಲ, ಸಕ್ಕರೆ ಕಣ್ಣಿಗೆ ಬೀಳುತ್ತಿರಲಿಲ್ಲ. ಸೋದರಮಾವ ಲೋಟ ಹಿಡಿದುಕೊಂಡು ಹುಡುಗಿಯ ಸ್ವಭಾವ ಹೇಗೆ ಎಂದು ಕೇಳಿದರು. ಅಪ್ಪ ಒಂದು ಕ್ಷಣವೂ ತಡಮಾಡದೆ ಆಕಳಂಥ ಹುಡುಗಿ, ಬಡಿದರೂ ಬಾಯಿ ಬಿಡುವುದಿಲ್ಲ ಎಂದ. ಅಷ್ಟೇ ಸಾಕಾಯಿತು. ಒಳಗೆ ಬಂದು ತೋಳು ಏರಿಸಿ ನೋಡಿದರೆ ಎರಡೂ ಕೈ ತುಂಬ ದದ್ದುಗಳು ಎದ್ದಿದ್ದವು. ಕುತ್ತಿಗೆಗೆ ಏರಲು ಇನ್ನು ಸ್ವಲ್ಪವೇ ಉಳಿದಿತ್ತು. ಅವ್ವ ತಲೆ ಹಿಡಿದುಕೊಂಡು ಕುಸಿದಳು. ಆಯಿ ಮೂಲೆ ಮೂಲೆ ಹುಡುಕಿದಳು, ಮಂಚದ ಕೆಳಗೆ ನೋಡಿದಳು, ಜೋಳದ ಚೀಲದ ಹಿಂದೆ ನೋಡಿದಳು. ಆಮೇಲೆ ನೆಟ್ಟಗೆ ನಿಂತು ಪಡಸಾಲೆಯ ಕಡೆ ತಿರುಗಿದಳು. ಮನೆಯ ಮದ್ದಿನ ಮೇಲೆ ಬೀಗರು ಕೂತಿದ್ದರು.

ನಾಚಿಕೆಯೆಂಬುದನ್ನು ಆಯಿ ಯಾವಾಗಲೋ ಬಿಟ್ಟಿದ್ದಳು. ಹೊರಗೆ ಹೋಗಿ, ಕಂಬಳಿಯ ಕೆಳಗೆ ಚೇಳು ಹೋದದ್ದು ಕಂಡೆ, ಎಲ್ಲರೂ ಏಳಿರಿ ಎಂದಳು. ಸೋದರಮಾವ ಚಹಾ ಚೆಲ್ಲಿಕೊಂಡು ಜಿಗಿದರು. ಹುಡುಗನ ಅವ್ವ ಸೀರೆ ಎತ್ತಿಕೊಂಡು ಹೊಸ್ತಿಲ ಆಚೆ ಹೋಗಿ ನಿಂತರು. ಹುಡುಗ ಮಾತ್ರ ಏಳಲಿಲ್ಲ. ಬಾಗಿಲ ಸಂದಿಯಿಂದ ನಾನು ನೋಡುತ್ತಿದ್ದೆ. ತಲೆ ಬಗ್ಗಿಸಿ ಕೂತೇ ಇದ್ದ, ಒಂದು ಕೈ ಕಂಬಳಿಯ ಮಡಿಕೆಯೊಳಗಿತ್ತು. ಆಯಿ ಒಂದು ಅಂಚು ಹಿಡಿದು ಎಳೆದಳು. ಅವನು ಇನ್ನೊಂದು ಅಂಚು ಬಿಡಲಿಲ್ಲ.

"ಏ ತಮ್ಮಾ, ಕಂಬಳಿ ಬಿಡು."

"ಒಂಚೂರು ತಡೀರಿ ಆಯಿ," ಎಂದ ಹುಡುಗ, ಮೆಲ್ಲಗೆ.

ಆಯಿಯ ಕೈಗೆ ತಡೆಯುವುದು ಗೊತ್ತಿರಲಿಲ್ಲ. ಇನ್ನೊಮ್ಮೆ ಎಳೆದಳು. ಕಂಬಳಿಯ ಜೊತೆ ಅಂಗಿಯ ತೋಳೂ ಸರಿಯಿತು. ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪು ದದ್ದುಗಳು, ಒಂದರ ಪಕ್ಕ ಒಂದು. ಬಂದಾಗಿನಿಂದ ಅವನು ನಮ್ಮ ಕಂಬಳಿಯಿಂದ ಕದ್ದು ಮೈ ತಿಕ್ಕಿಕೊಳ್ಳುತ್ತಿದ್ದ.

ಹುಡುಗನ ಅವ್ವನ ಮುಖ ಬಿಳಿಚಿಹೋಯಿತು.

"ಬಂಡ್ಯಾಗ ಬರೋವಾಗ ಸೊಳ್ಳಿ ಕಡದಾವ್ರಿ," ಎಂದರು ಅವರು. ನಡು ಮಧ್ಯಾಹ್ನ, ತೊಗರಿ ಕೊಯ್ದ ಬಯಲು, ಸೊಳ್ಳೆ.

ಆಯಿ ಒಳಗೆ ಬಂದು ನನ್ನ ರಟ್ಟೆ ಹಿಡಿದು ಹೊರಗೆ ಎಳೆದೊಯ್ದಳು. ಅವ್ವ ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದಳು. ಎಲ್ಲರ ನಡುವೆ ನಿಲ್ಲಿಸಿ, ಅವ್ವ ಅಷ್ಟು ಕಷ್ಟಪಟ್ಟು ಹೊಲಿಸಿದ ತೋಳನ್ನು ಮೊಣಕೈ ಮೇಲೆ ಏರಿಸಿದಳು.

"ಹೌದ್ರಿ ಯವ್ವಾ. ಅದೇ ಸೊಳ್ಳಿ ನಮ್ಮ ಮನಿಗೂ ಬಂದು ಹೋಗ್ಯಾದ."

ಹುಡುಗನ ಅವ್ವ ನನ್ನ ಕೈ ನೋಡಿದರು, ಮಗನ ಕೈ ನೋಡಿದರು, ಹೊಸ್ತಿಲ ಮೇಲೆಯೇ ಕೂತು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಆಮೇಲೆ ಎಲ್ಲ ಹೊರಬಂತು. ಅಫಜಲಪುರದ ಕಡೆ ಎರಡು ಮನೆಯವರು ಅವರ ಮಗನಿಗೆ ರೋಗವಿದೆಯೆಂದು ಹೇಳಿಕಳಿಸಿದ್ದರಂತೆ. ಅವರ ಮನೆಯಲ್ಲೂ ಬದನೆಕಾಯಿ ಬಂದ್ ಆಗಿತ್ತಂತೆ. ಆಯಿ ಕಂಬಳಿಯ ಒಂದು ತುದಿಯಿಂದ ಅವನ ಕೈ ತಿಕ್ಕಿದಳು, ಇನ್ನೊಂದು ತುದಿಯಿಂದ ಅವ್ವ ನನ್ನ ಕೈ ತಿಕ್ಕಿದಳು. ನಡುವೆ ಕಂಬಳಿ ಬಿಗಿಯಾಗಿ ಎಳೆದುಕೊಂಡಿತ್ತು. ಆಯಿಯ ತಿಕ್ಕಾಟಕ್ಕೆ ಹುಡುಗ ಹಲ್ಲು ಕಚ್ಚಿ ಕೂತದ್ದು ಕಂಡು ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಸೋದರಮಾವ ಎರಡನೆಯ ಲೋಟ ಚಹಾ ಕೇಳಿದರು. ಅದು ಕಾಯುವಷ್ಟರಲ್ಲಿ ನನ್ನ ಗಂದೆ ತಾನಾಗಿ ಇಳಿದಿತ್ತು.

ಅವರು ಕೇಳಿದ್ದು ಒಂದೇ ಒಂದು: ಕಂಬಳಿ ಹುಡುಗಿಯ ಜೊತೆ ಬರಬೇಕು. ಕೊಡಲು ಆಯಿ ಎರಡು ದಿನ ಒದ್ದಾಡಿದಳು. ಆ ವರ್ಷ ಮಳೆಗಾಲದಲ್ಲಿ ಅಪ್ಪ ಗೋಣಿಚೀಲ ಹೊದ್ದು ಹೊಲಕ್ಕೆ ಹೋದನಂತೆ.

ಮದುವೆಯಾದ ಮೇಲೆ ಗಂಡನೆದುರು ನಾನು ಮಾತು ನುಂಗುವುದನ್ನು ಬಿಟ್ಟೆ. ನನ್ನ ಗಂದೆ ಬರಬರುತ್ತಾ ಅಪರೂಪವಾಯಿತು, ನಮ್ಮ ಓಣಿಗೆ ನನ್ನ ಧ್ವನಿ ಪರಿಚಯವಾಯಿತು. ಗಂಡನದು ಮಾತ್ರ ಹೋಗಲಿಲ್ಲ. ಕಂದಾಯ ಕೇಳಲು ತಲಾಟಿ ಬಂದರೆ, ಹಸು ಕರು ಹಾಕಲು ತಡಮಾಡಿದರೆ, ನನಗೆ ಹೆರಿಗೆ ನೋವು ಶುರುವಾದರೆ ಅವರು ಕಂಬಳಿ ಹುಡುಕುತ್ತಿದ್ದರು. ಅವರಿಗೆ ಸಿಟ್ಟು ಬರುವುದನ್ನು ನಾನು ಕಂಡಿಲ್ಲ. ಅವರ ಗಂದೆಯೆಲ್ಲ ಅಂಜಿಕೆಯದು.

ಇದು ತಿಳಿದ ಮೇಲೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತಿತ್ತು. ಮಕ್ಕಳೆಲ್ಲ ದೊಡ್ಡವರಾದ ಮೇಲೆ, ಒಂದು ಸಂಜೆ ಕಟ್ಟೆಯ ಮೇಲೆ ಕೂತು ತೊಗರಿ ಕಾಯಿ ಬಿಡಿಸುವಾಗ ಕೇಳಿದೆ. ಆವತ್ತು ನೋಡಲು ಬಂದವರು ನೀವು, ನಡೆದು ತೋರಿಸಬೇಕಾದವಳು ನಾನು. ನಿಮಗೆ ಅಂಜಿಕೆ ಯಾತಕ್ಕೆ?

ಅವರು ಕೈಯಲ್ಲಿದ್ದ ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದರು.

"ನೀ ಒಲ್ಲೆ ಅಂದ್ರ ಅಂತ," ಎಂದರು.

ಒಲ್ಲೆ ಅನ್ನಲು ನನ್ನನ್ನು ಯಾರು ಕೇಳಿದ್ದರು ಎಂದು ನಕ್ಕೆ. ನಕ್ಕ ಮೇಲೆ ನಗು ಮುಂದೆ ಹೋಗಲಿಲ್ಲ. ಹುಡುಗಿ ಒಲ್ಲೆ ಅನ್ನಬಹುದು ಎಂದು ಆವತ್ತು ಅಪ್ಪನಿಗೆ ಹೊಳೆದಿರಲಿಲ್ಲ, ಅವ್ವನಿಗೆ ಹೊಳೆದಿರಲಿಲ್ಲ, ಇಷ್ಟು ಸಿಟ್ಟಿನವಳು ನಾನು, ನನಗೂ ಹೊಳೆದಿರಲಿಲ್ಲ. ಅದನ್ನು ನೆನೆದು ಅಂಜಿ ಕೂತವರು ಆ ಪಡಸಾಲೆಯಲ್ಲಿ ಇವರೊಬ್ಬರೇ. ನಾನು ಮೊರದ ಮುಂದೆ ಕೂತು ಗಳಗಳನೆ ಅತ್ತುಬಿಟ್ಟೆ. ಅವರು ಗಾಬರಿಯಾಗಿ ಮುಂಗೈ ಕೆರೆದುಕೊಳ್ಳುತ್ತ ಕಂಬಳಿ ತರಲು ಒಳಗೆ ಹೋದರು.