ಪಲ್ಪರ್ ನಿಂತ ದಿನ

ಬಂದರುಗಳಿಗೂ ನೀರು ಸರಬರಾಜು ಮಾಡುವವರಿಗೂ ಶುದ್ಧ ತಂತ್ರಜ್ಞಾನ ಬೇಕಾಗಿದೆ, ಹೊಸ ಉಪಾಯವಿದ್ದವರು ಸ್ಪರ್ಧೆಗೆ ಬನ್ನಿ ಎಂಬ ಪ್ರಕಟಣೆಯನ್ನು ಯಾರೋ ನನ್ನ ಫೋನಿಗೆ ಕಳಿಸಿದ್ದರು. ಕೊಡಗಿನಲ್ಲಿ ಬಂದರಿಲ್ಲ. ಸೋಮವಾರಪೇಟೆ ಕಡೆಯ ನಮ್ಮೂರಿನಲ್ಲಿ ಬಸ್ ಸ್ಟ್ಯಾಂಡೂ ಇಲ್ಲ. ಆದರೆ ನಲ್ಲಿ ಇದೆ. ಡಿಸೆಂಬರ್ ಬಂತೆಂದರೆ ಅದರ ನೀರನ್ನು ಮೂಗು ಮುಚ್ಚಿಕೊಂಡೇ ಹಿಡಿಯಬೇಕು. ಮೇಲಿನ ಎಸ್ಟೇಟುಗಳಲ್ಲಿ ಪಿಕಿಂಗ್ ಶುರುವಾದಾಗ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗಳು ಓಡುತ್ತವೆ, ತೊಳೆದ ಹುಳಿ ನೀರು ಹೊಳೆಗಿಳಿಯುತ್ತದೆ, ಆ ಹೊಳೆಯಿಂದಲೇ ಪಂಪ್‌ಹೌಸು ನಮಗೆ ನೀರೆತ್ತುತ್ತದೆ. ಹೊರದೇಶಕ್ಕೆ ಹೋಗುವ ಕಾಫಿಯ ರುಚಿಯನ್ನು ಎಲ್ಲರಿಗಿಂತ ಮೊದಲು ನೋಡುವವರು ನಾವೇ.

ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಡ್ರಮ್ಮುಗಳು, ಸುಣ್ಣ, ಕಾಫಿ ಹೊಟ್ಟನ್ನೇ ಸುಟ್ಟು ಮಾಡಿದ ಇದ್ದಿಲು, ಒಂದು ಹಳೆಯ ಪಂಪು ಸೇರಿಸಿ ಶೋಧಕ ಕಟ್ಟಿದೆ. ಕಂದು ನೀರು ಒಳಹೋಗಿ ತಿಳಿನೀರು ಹೊರಬಂದಾಗ ಆದ ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಹೆಂಡತಿಗೆ ಹೇಳಿಲ್ಲ. ಸ್ಪರ್ಧೆಗೆ ಹೆಸರು ಕೊಟ್ಟೆ. ಗೆದ್ದರೆ ನಮ್ಮ ಪಂಪ್‌ಹೌಸಿಗೆ ಅಂಥದ್ದೇ ದೊಡ್ಡದೊಂದನ್ನು ಸ್ಪರ್ಧೆಯವರೇ ಕಟ್ಟಿಸಿಕೊಡುವುದು, ಅದೇ ಬಹುಮಾನ. ಕೆಳಬೀದಿಯ ಮಕ್ಕಳು ಚಳಿಗಾಲವಿಡೀ ಮೈ ತುರಿಸಿಕೊಳ್ಳುವುದನ್ನು ಕಂಡು ಕಂಡು ನನಗೆ ರೋಸಿಹೋಗಿತ್ತು. ಗೆಲ್ಲಲೇಬೇಕಿತ್ತು.

ತೀರ್ಪುಗಾರರು ಸ್ಥಳಕ್ಕೇ ಬರುವುದೆಂದಾಯಿತು. ಅವರ ಕಣ್ಣೆದುರೇ ಹೊಳೆಯ ನೀರೆತ್ತಿ ಶೋಧಿಸಬೇಕು, ಬೇರೆಡೆಯಿಂದ ತಂದ ನೀರು ನಡೆಯದು ಎಂಬುದು ನಿಯಮ. ನಾನು ಎಸ್ಟೇಟು ಎಸ್ಟೇಟಿಗೆ ಹೋಗಿ, ಬರುವವರು ಮಾಲಿನ್ಯದ ಇಲಾಖೆಯವರಲ್ಲ, ನಿಮ್ಮ ಪಾಡಿಗೆ ನೀವು ಪಲ್ಪಿಂಗ್ ಮಾಡಿ ಎಂದು ಕೇಳಿಕೊಂಡೆ. ಎಲ್ಲರೂ ಕಾಫಿ ಕೊಟ್ಟು, ಆಗಲಿ ಎಂದು ತಲೆಯಾಡಿಸಿದರು. ಗುರುತಿಲ್ಲದ ಜೀಪು ಕುಶಾಲನಗರ ದಾಟಿತೆಂದರೆ ಒಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮುಂದಿನ ಎಸ್ಟೇಟಿನ ರೈಟರ್‌ಗೆ ಫೋನ್ ಮಾಡುವುದು, ಪಲ್ಪರ್‌ಗಳು ಒಂದೊಂದಾಗಿ ನಿಲ್ಲುವುದು ನಮ್ಮ ಕಡೆಯ ಪದ್ಧತಿ. ಈ ಸಲ ಫೋನಿನ ತೊಂದರೆಯೂ ಇರಲಿಲ್ಲ. ದಿನ ಯಾವುದೆಂದು ನಾನೇ ಮನೆಮನೆಗೆ ಸಾರಿ ಬಂದಿದ್ದೆನಲ್ಲ, ಹಿಂದಿನ ದಿನವೇ ಎಲ್ಲ ನಿಲ್ಲಿಸಿದರು.

ತೀರ್ಪುಗಾರರು ಬಂದಾಗ ಹೊಳೆಯ ತಳದಲ್ಲಿ ನಡೆಯುವ ಏಡಿ ಕೂಡ ಕಾಣುತ್ತಿತ್ತು. ಆ ನೀರನ್ನೇ ಎತ್ತಿ ಶೋಧಕಕ್ಕೆ ಬಿಟ್ಟೆ. ಹೊರಬಂದ ನೀರಿನಲ್ಲಿ ಇದ್ದಿಲ ಪುಡಿ ತೇಲುತ್ತಿತ್ತು. ನೀರನ್ನು ಕೆಡಿಸುವ ಯಂತ್ರ ಸ್ಪರ್ಧೆಗೆ ಬಂದಿರುವುದು ಇದೇ ಮೊದಲು ಎಂದು ಅವರಲ್ಲೊಬ್ಬರು, ಬಂದರುಗಳ ತಜ್ಞರು, ಬಹಳ ಮರ್ಯಾದೆಯಿಂದ ಹೇಳಿದರು.

ಸ್ಪರ್ಧೆ ನೋಡಲು ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ ಪಕ್ಕದ ಎಸ್ಟೇಟಿನ ಯಜಮಾನರನ್ನು, ಸ್ವಲ್ಪ ಹೊತ್ತು ಪಲ್ಪರ್ ಓಡಿಸಿ ಎಂದು ಬೇಡಿಕೊಂಡೆ. ತಮ್ಮ ಪಲ್ಪರಿನ ನೀರೆಲ್ಲ ತೋಟದ ಹೊಂಡಕ್ಕೇ ಹೋಗುವುದು, ಹೊಳೆಗಲ್ಲ ಎಂದು ಅವರು ತೀರ್ಪುಗಾರರಿಗೆ ಕೇಳುವಂತೆ ಹೇಳಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ನೆಂಟ್ರ ಮುಂದೆ ಊರ ಮರ್ಯಾದೆ ತೆಗೀಬ್ಯಾಡ ಕಣಯ್ಯ. ನಿನಗೋಸ್ಕರ ಎಲ್ರೂ ಕೆಲ್ಸ ನಿಲ್ಸಿದೀವಿ."

ಮೈಯೆಲ್ಲ ಉರಿದುಹೋಯಿತು. ಆದರೆ ಉಪಕಾರ ಮಾಡಿದ್ದೇನೆಂದು ಮನಸಾರೆ ನಂಬಿದ ಮನುಷ್ಯನನ್ನು ಬೈಯುವುದು ಹೇಗೆ? ತೀರ್ಪುಗಾರರು ತಮ್ಮ ಬಾಟಲಿಗಳಿಗೆ ಹೊಳೆಯ ನೀರು ತುಂಬಿಕೊಂಡು, ಇಲ್ಲಿ ಸಮಸ್ಯೆಯೇ ಕಾಣುವುದಿಲ್ಲ ಎಂದು ಬರೆದುಕೊಂಡು, ಆನೆ ನೋಡಲು ದುಬಾರೆಗೆ ಹೊರಟರು.

ಮನೆಗೆ ಬಂದರೆ ಹೆಂಡತಿ ನಲ್ಲಿಯ ಹತ್ತಿರ. ಕೊಡ, ಬಕೀಟು, ಹಾಲಿನ ಪಾತ್ರೆ, ಕುಕ್ಕರು, ಎಲ್ಲದರಲ್ಲೂ ತಿಳಿನೀರು. ಸೋತ ಕಥೆಯನ್ನೆಲ್ಲ ಹೇಳಿದೆ. ಅವಳು ತುಂಬಿದ ಕೊಡ ಸರಿಸಿ ಇನ್ನೊಂದನ್ನು ಇಟ್ಟಳು.

"ಹೋದ್ರೆ ಹೋಗ್ಲಿ. ಅವ್ರು ನಾಳೆನೂ ಬತ್ತಾರಾ?"

ಇಲ್ಲ ಎಂದೆ.

"ಹಂಗಾದ್ರೆ ಅಟ್ಟದ ಮೇಲಿರೋ ಹಂಡೆ ಇಳ್ಸಿಕೊಡಿ" ಎಂದಳು.